ದಿವಾಳಿ ಅರ್ಜಿ ಹಾಕಬೇಕಾ, ಬೇಡವಾ: ನಾವು ಲೆಕ್ಕ ಹಾಕಿದ ಬಗೆ

ನಮ್ಮ ಮನೆಯ ಸಾಲ ಎಲ್ಲ ಸೇರಿ 14 ಲಕ್ಷ 40 ಸಾವಿರಕ್ಕೆ ಬಂದು ನಿಂತಾಗ ಮನೆಯವರ ಸಂಬಳ 19 ಸಾವಿರ. ನನ್ನ ಹೊಲಿಗೆಯಿಂದ ತಿಂಗಳಿಗೆ ಒಂಬತ್ತೋ ಹತ್ತೋ ಸಾವಿರ ಬರುತ್ತಿತ್ತು. ಕಂತುಗಳೇ 38 ಸಾವಿರ ದಾಟುತ್ತಿದ್ದವು. ಒಂದು ಕಂತು ಕಟ್ಟೋಕೆ ಇನ್ನೊಂದು ಆ್ಯಪ್‌ನಲ್ಲಿ ಸಾಲ, ಅದರ ವಾಯಿದೆ ಬಂದಾಗ ಮತ್ತೊಬ್ಬರ ಹತ್ತಿರ ಕೈಸಾಲ. ದುಂದು ಮಾಡಿ ಆದ ಸಾಲ ಇದಲ್ಲ. ಮನೆಯವರಿಗೆ ಸ್ಟ್ರೋಕ್ ಆಯಿತು. ಐಸಿಯು, ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ. ತುಮಕೂರಿನ ಹತ್ತಿರ ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವರು ವಾಪಸ್ ಹೋದಾಗ ಸಿಕ್ಕಿದ್ದು ಸ್ಟೋರ್ಸ್‌ನಲ್ಲಿ ಕೂತು ಮಾಡುವ ಕೆಲಸ, ಅರ್ಧ ಸಂಬಳ.

ದಿವಾಳಿ ಅರ್ಜಿ ಹಾಕಿಬಿಡಿ, ಎಲ್ಲ ಸಾಲ ಒಂದೇ ಸಲಕ್ಕೆ ಮುಗಿಯುತ್ತದೆ ಅಂತ ಸಂಬಂಧಿಕರೊಬ್ಬರು ಹೇಳಿದರು. ಅದನ್ನು ಕೇಳಿ ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಪಾಪರ್ ಎದ್ದವರ ಮನೆ ಅಂತ ಹೆಸರು ಬಂದರೆ ಮೊಮ್ಮಗಳ ಗತಿ ಏನು ಅನ್ನೋದು ಅವರ ಭಯ. ನನಗೆ ಎರಡು ಮಾತೂ ಪೂರ್ತಿ ಒಪ್ಪಿಗೆ ಆಗಲಿಲ್ಲ. ಅದು ನಿಜವಾಗಿ ಏನು, ನಮಗೆ ಏನು ಮಾಡುತ್ತದೆ, ಏನು ಮಾಡಲ್ಲ ಅಂತ ಮೊದಲು ತಿಳಿದುಕೊಳ್ಳೋಣ ಅಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ, ಅದಕ್ಕೇ ಮೊದಲೇ ಹೇಳಿದೆ.

ನಮಗೆ ಸಿಕ್ಕಿದ ವಕೀಲೆ ಮೊದಲು ಒಂದು ಗೊಂದಲ ಬಿಡಿಸಿದರು. ನಾವು ಪೇಪರ್‌ನಲ್ಲಿ ಓದುವ 2016ರ ದಿವಾಳಿ ಸಂಹಿತೆ ಕಂಪನಿಗಳಿಗೆ ನಡೆಯುತ್ತಿದೆ. ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೂ 2019ರ ಡಿಸೆಂಬರ್‌ನಿಂದ ಜಾರಿಯಾಗಿದೆ. ನಮ್ಮಂಥ ಸಾಮಾನ್ಯ ಜನರ ಸಾಲದ ಭಾಗ ಮಾತ್ರ ಜಾರಿಗೆ ಬಾರದೆ ಕಾಗದದಲ್ಲೇ ಇತ್ತು. ನಮಗೆ ಅನ್ವಯಿಸೋದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಬ್ರಿಟಿಷರ ಕಾಲದ್ದು. ಮುಂಬೈ, ಕೋಲ್ಕತ್ತ, ಚೆನ್ನೈಗೆ 1909ರ ಬೇರೆ ಕಾಯ್ದೆ ಇದೆ. ಉಳಿದ ಕಡೆ ಅರ್ಜಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗುತ್ತದೆ. ಸಾಲ 500 ರೂಪಾಯಿ ಇದ್ದರೂ ಸಾಕು, ಅರ್ಜಿ ಹಾಕಬಹುದು. ಆ ಮೊತ್ತ ಇವತ್ತಿಗೂ ಹಾಗೇ ಇದೆ.

ಆ ಕಾಯ್ದೆಯ 13ನೇ ಸೆಕ್ಷನ್ ಅರ್ಜಿಯಲ್ಲಿ ಏನೇನು ಬರೆಯಬೇಕು ಅಂತ ಹೇಳುತ್ತದೆ. ಯಾರಿಗೆ ಎಷ್ಟು ಕೊಡಬೇಕು, ಅವರ ವಿಳಾಸ, ನಮ್ಮ ಹತ್ತಿರ ಏನೇನಿದೆ, ಅದರ ಬೆಲೆ, ಅದು ಎಲ್ಲಿದೆ. ಅರ್ಜಿ ಹಾಕೋದು ಬಿಡೋದು ಆಮೇಲೆ, ಈ ಪಟ್ಟಿ ಮಾತ್ರ ಪೂರ್ತಿ ಬರೆದು ತನ್ನಿ ಅಂದರು ವಕೀಲೆ. ಮಗಳ ಹಳೆಯ ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಕೂತೆವು. ನಾಲ್ಕು ಕಾಲಂ: ಯಾರಿಗೆ, ಎಷ್ಟು, ಯಾರ ಹೆಸರಲ್ಲಿ, ಹಿಂದೆ ಯಾರು ಜಾಮೀನು. ಮೊದಲ ಮೂರು ಬೇಗ ತುಂಬಿದವು. ನಾಲ್ಕನೇ ಕಾಲಂ ತುಂಬುವಾಗ ಇಬ್ಬರೂ ಸುಮ್ಮನಾದೆವು.

ಮನೆಯವರ ಹೆಸರಲ್ಲಿ ಇದ್ದದ್ದು 11 ಲಕ್ಷ 10 ಸಾವಿರ. ಬ್ಯಾಂಕಿನ ಪರ್ಸನಲ್ ಲೋನ್ 4 ಲಕ್ಷ 60 ಸಾವಿರ, ಎರಡು ಕ್ರೆಡಿಟ್ ಕಾರ್ಡ್ ಸೇರಿ 2 ಲಕ್ಷ 40 ಸಾವಿರ, ಪತ್ತಿನ ಸಹಕಾರ ಸಂಘದ 2 ಲಕ್ಷ, ನೂರಕ್ಕೆ 3 ರೂಪಾಯಿ ತಿಂಗಳ ಬಡ್ಡಿಯ 1 ಲಕ್ಷ 50 ಸಾವಿರ, ನೆಂಟರ ಕೈಸಾಲ 60 ಸಾವಿರ. ನನ್ನ ಹೆಸರಲ್ಲಿ ಒಡವೆ ಮೇಲಿನ ಸಾಲ 1 ಲಕ್ಷ 80 ಸಾವಿರ, ಸ್ವಸಹಾಯ ಸಂಘದ್ದು 90 ಸಾವಿರ, ಆ್ಯಪ್‌ಗಳದ್ದು 60 ಸಾವಿರ. ನಾವು ಮನೆ ಸಾಲ ಅಂತ ಒಟ್ಟಿಗೆ ಹೇಳುತ್ತೇವೆ. ಕೋರ್ಟಿಗೆ ಗಂಡನ ಸಾಲ ಬೇರೆ, ಹೆಂಡತಿ ಸಾಲ ಬೇರೆ. ಅವರು ಅರ್ಜಿ ಹಾಕಿದರೆ ನನ್ನ ಸಾಲಕ್ಕೆ ಏನೂ ಆಗಲ್ಲ.

ಆಸ್ತಿ ಅಂದರೆ ಊರಾಚೆ ಮನೆಯವರ ಹೆಸರಲ್ಲಿದ್ದ ಒಂದು ಸೈಟು, ಸುಮಾರು 5 ಲಕ್ಷ 75 ಸಾವಿರ ಬೆಲೆಯದು. ಅರ್ಜಿ ಒಪ್ಪಿ ದಿವಾಳಿ ಅಂತ ಘೋಷಣೆ ಆದರೆ ಅದು ಆಸ್ತಿ ನೋಡಿಕೊಳ್ಳೋಕೆ ಕೋರ್ಟ್ ನೇಮಿಸುವ ರಿಸೀವರ್ ಕೈಗೆ ಹೋಗುತ್ತದೆ. ಮಾರಿ ಬಂದ ಹಣ ಸಾಲ ಕೊಟ್ಟವರಿಗೆ ಹಂಚಿಕೆ ಆಗುತ್ತದೆ. ಅಡುಗೆ ಪಾತ್ರೆ, ಬಟ್ಟೆ, ಹಾಸಿಗೆ, ಕಸುಬಿನ ಸಾಮಾನು, ಪಿಎಫ್ ಇವನ್ನು ಮುಟ್ಟುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಅವನ್ನು ಕಾಯುತ್ತದೆ. ಹೊಲಿಗೆ ಮಷಿನ್ ಹೋಗಿಬಿಡುತ್ತದೆ ಅಂತ ನಾನು ಹೆದರಿದ್ದೆ, ಆ ಭಯ ಅಲ್ಲಿಗೆ ಬಿಟ್ಟಿತು.

ಸೈಟನ್ನು ನನ್ನ ಹೆಸರಿಗೆ ಗಿಫ್ಟ್ ಡೀಡ್ ಮಾಡಿಸಿಕೊಂಡು ಆಮೇಲೆ ಅರ್ಜಿ ಹಾಕಿ ಅಂತ ಸಲಹೆ ಕೊಟ್ಟವರು ಒಬ್ಬಿಬ್ಬರಲ್ಲ. ಇದನ್ನು ಯಾರೂ ಮಾಡಬೇಡಿ. ದಿವಾಳಿ ಅರ್ಜಿಗೆ ಹಿಂದಿನ ಎರಡು ವರ್ಷದಲ್ಲಿ ಹೀಗೆ ದಾನ ಕೊಟ್ಟ ಆಸ್ತಿಯನ್ನು ಕೋರ್ಟ್ ರದ್ದು ಮಾಡಬಹುದು. ಆಸ್ತಿ ಮುಚ್ಚಿಟ್ಟರೆ ಅದೇ ಒಂದು ಅಪರಾಧ. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಬೇಕಾದವರಿಗೆ ಮಾತ್ರ ಹಣ ತೀರಿಸಿದರೂ ಪ್ರಶ್ನೆ ಬರುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನಿಸಿತು. ದಿವಾಳಿ ಅಂತ ಘೋಷಣೆ ಆದ ಮಾತ್ರಕ್ಕೆ ಸಾಲ ಮುಗಿಯಲ್ಲ. ಕೋರ್ಟ್ ಕೊಟ್ಟ ಗಡುವಿನಲ್ಲಿ ವಿಮೋಚನೆಗೆ, ಅಂದರೆ ಉಳಿದ ಸಾಲದಿಂದ ಬಿಡುಗಡೆಗೆ, ಇನ್ನೊಂದು ಅರ್ಜಿ ಹಾಕಬೇಕು. ಆಗ ನಮ್ಮ ಆಸ್ತಿ, ಅಡಮಾನ ಇಲ್ಲದ ಸಾಲದಲ್ಲಿ ರೂಪಾಯಿಗೆ ಎಂಟಾಣೆಯಷ್ಟಾದರೂ, ಅಂದರೆ ಅರ್ಧದಷ್ಟಾದರೂ ಆಗುತ್ತಾ ಅಂತ ನೋಡುತ್ತಾರೆ. ಕಾಯ್ದೆಯಲ್ಲಿ ಎಂಟಾಣೆ ಅಂತಲೇ ಇದೆ. ಅಷ್ಟಾಗದಿದ್ದರೆ ಅದು ನಮ್ಮ ಕೈಮೀರಿದ ಕಾರಣದಿಂದ ಆದದ್ದು ಅಂತ ತೋರಿಸಬೇಕು. ನಮ್ಮದು ಲೆಕ್ಕ ಹಾಕಿದರೆ ಎಂಟಾಣೆಗೆ ಸ್ವಲ್ಪ ಮೇಲೆ ಬರುತ್ತಿತ್ತು. ವಿಮೋಚನೆ ಆಗುವ ತನಕ ದಿವಾಳಿ ಅನ್ನೋದನ್ನು ತಿಳಿಸದೆ 50 ರೂಪಾಯಿ ಅಥವಾ ಜಾಸ್ತಿ ಸಾಲ ತಗೊಂಡರೂ ಜೈಲು ಶಿಕ್ಷೆ ಆಗಬಹುದು. ಚುನಾವಣೆಗೆ ನಿಲ್ಲುವಂತಿಲ್ಲ. ಘೋಷಣೆ ಗೆಜೆಟ್‌ನಲ್ಲಿ ಬರುತ್ತದೆ. ಅತ್ತೆಗೆ ಗೆಜೆಟ್ ವಿಷಯವೇ ದೊಡ್ಡದಾಗಿ ಕಂಡಿತು. ನನಗೆ ಇವ್ಯಾವುವೂ ತಡೆ ಅನಿಸಲಿಲ್ಲ.

ತಡೆದದ್ದು ಆ ನಾಲ್ಕನೇ ಕಾಲಂ. ಸಹಕಾರ ಸಂಘದ ಸಾಲಕ್ಕೆ ಇಬ್ಬರು ಜಾಮೀನು: ನನ್ನ ತಮ್ಮ, ಮನೆಯವರ ಜೊತೆ ಕೆಲಸ ಮಾಡುವ ಒಬ್ಬರು. ಮನೆಯವರಿಗೆ ವಿಮೋಚನೆ ಸಿಕ್ಕರೂ ಜಾಮೀನುದಾರರಿಗೆ ಸಿಗಲ್ಲ ಅಂತ 1920ರ ಕಾಯ್ದೆಯ 44ನೇ ಸೆಕ್ಷನ್ ಬಿಡಿಸಿ ಹೇಳುತ್ತದೆ. ಸಂಘ ಅವರ ಹತ್ತಿರ ವಸೂಲಿಗೆ ಹೋಗಬಹುದು. ನನ್ನ ಸ್ವಸಹಾಯ ಸಂಘದ್ದೂ ಅದೇ ಕಥೆ. ನಾನು ಕಟ್ಟದಿದ್ದರೆ ಉಳಿದ ಹೆಂಗಸರು ಕಟ್ಟಬೇಕು. ಅವರಲ್ಲಿ ಇಬ್ಬರು ಬೀಡಿ ಕಟ್ಟಿ ಸಂಸಾರ ಮಾಡುವವರು. ಒಡವೆ ಸಾಲಕ್ಕೆ ಒಡವೆ ಅಲ್ಲೇ ಇದೆ, ಅಡಮಾನ ಇಟ್ಟುಕೊಂಡವರ ಹಕ್ಕನ್ನು ದಿವಾಳಿ ಕಾಯ್ದೆ ಮುಟ್ಟಲ್ಲ. ಮೂರು ರೂಪಾಯಿ ಬಡ್ಡಿಯವರ ಹತ್ತಿರ ಸಹಿ ಮಾಡಿದ ಖಾಲಿ ಚೆಕ್ ಇತ್ತು. ಚೆಕ್ ಬೌನ್ಸ್ 138ನೇ ಸೆಕ್ಷನ್ ಕೇಸು, ಕ್ರಿಮಿನಲ್. ದಿವಾಳಿ ಅರ್ಜಿ ಅದನ್ನು ನಿಲ್ಲಿಸಲ್ಲ. ಹೀಗೆ ಒಂದೊಂದೇ ತೆಗೆದರೆ ಅರ್ಜಿಯಿಂದ ನಿಜವಾಗಿ ಹಗುರ ಆಗೋದು ಬ್ಯಾಂಕ್ ಲೋನ್, ಕಾರ್ಡು ಎರಡೇ. ಆ ಎರಡಕ್ಕೆ ಬೇರೆ ದಾರಿ ಇದೆಯಾ ಅಂತ ನೋಡಿದೆವು.

ಇಲ್ಲಿ ಇನ್ನೊಂದು ಲೆಕ್ಕ ನಮಗೆ ಧೈರ್ಯ ಕೊಟ್ಟಿತು. ಬ್ಯಾಂಕ್ ದಾವೆ ಹಾಕಿ ಗೆದ್ದು ಸಂಬಳ ಜಪ್ತಿಗೆ ಬಂದರೆ ಎಷ್ಟು ಹೋಗುತ್ತದೆ? ಅದೇ 60ನೇ ಸೆಕ್ಷನ್ ಪ್ರಕಾರ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. 19 ಸಾವಿರದಲ್ಲಿ ಹೋಗೋದು 6 ಸಾವಿರ. ತೀರಾ ಕೆಟ್ಟದ್ದು ಆದರೂ ಇಷ್ಟೇ ಅಲ್ವಾ? ಕಟ್ಟೋಕೆ ನಿಜವಾಗಿ ಕೈಲಾಗದವರನ್ನು ಸುಮ್ನೆ ಸಿವಿಲ್ ಜೈಲಿಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ನಾಳೆ ಪೊಲೀಸ್ ಬರ್ತಾರೆ ಅಂತ ಫೋನಿನಲ್ಲಿ ಹೆದರಿಸುವವರ ಮಾತಿಗೆ ಅಂದಿನಿಂದ ನಾವು ಬೆಲೆ ಕೊಡಲಿಲ್ಲ.

ಕಾರ್ಡು ಮತ್ತು ಪರ್ಸನಲ್ ಲೋನ್ ಕಟ್ಟೋದನ್ನು ನಿಲ್ಲಿಸಿದೆವು. ಸಹಕಾರ ಸಂಘ, ಸ್ವಸಹಾಯ ಸಂಘ, ಒಡವೆಯ ಬಡ್ಡಿ ತಪ್ಪಿಸಲಿಲ್ಲ. ಕಾರ್ಡಿನಲ್ಲಿ ಮಿನಿಮಮ್ ಕಟ್ಟುತ್ತಾ ಹೋದರೆ ವರ್ಷಕ್ಕೆ ನೂರಕ್ಕೆ 40ರ ಮೇಲೆ ಬಡ್ಡಿ ಬೀಳುತ್ತದೆ, ಅಸಲು ಕರಗಲ್ಲ. ನಿಲ್ಲಿಸಿದ ಮೇಲೆ ಫೋನುಗಳ ಕಾಟ ಶುರುವಾಯಿತು. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಬಾರದು, ನೆಂಟರಿಗೆ ಮಾಡಿ ಮರ್ಯಾದೆ ತೆಗೆಯಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ಆದೇಶ ಮಾಡಿದೆ. ನಾನು ಪ್ರತಿ ಫೋನಿನ ದಿನ, ಹೊತ್ತು, ನಂಬರ್ ಅದೇ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಮೊದಲು ಬ್ಯಾಂಕಿಗೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕ್ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ನಮಗೆ ಅಲ್ಲಿ ತನಕ ಹೋಗಬೇಕಾಗಲಿಲ್ಲ, ದಿನಾಂಕ ಸಮೇತ ದೂರು ಹೋದ ಮೇಲೆ ರಾತ್ರಿಯ ಫೋನು ನಿಂತವು.

ಸೈಟು ನಾವೇ ಮಾರಿದೆವು. ಯಾರಿಗೂ ಮುಚ್ಚಿಡದೆ, ಮಾರುಕಟ್ಟೆ ಬೆಲೆಗೆ, ಪೂರ್ತಿ ಹಣ ಬ್ಯಾಂಕ್ ಖಾತೆಗೆ. ಆಮೇಲೆ ಲೋಕ ಅದಾಲತ್‌ನಲ್ಲಿ ಕೂತೆವು. ಬ್ಯಾಂಕ್ ಇನ್ನೂ ದಾವೆ ಹಾಕದೇ ಇದ್ದರೂ ಅಲ್ಲಿಗೆ ವಿಷಯ ತರಬಹುದು, ಫೀಸು ಇಲ್ಲ. ಬ್ಯಾಂಕಿನ ಅಧಿಕಾರಿ ಮುಂದೆ ನಮ್ಮ ಪಟ್ಟಿ, ಆಸ್ಪತ್ರೆ ಬಿಲ್ಲು, ಸಂಬಳದ ಚೀಟಿ, ಸೈಟಿನ ಕ್ರಯಪತ್ರ ಎಲ್ಲ ಇಟ್ಟೆವು. ದಿವಾಳಿ ಅರ್ಜಿ ಹಾಕಿದರೆ ಈ ಹಣ ಎಲ್ಲರಿಗೂ ಹಂಚಿಹೋಗುತ್ತದೆ, ನಿಮಗೆ ಬರೋದು ಅರ್ಧ, ಅದೂ ಯಾವಾಗಲೋ ಅಂತ ವಕೀಲೆ ಶಾಂತವಾಗಿ ಹೇಳಿದರು. ಪರ್ಸನಲ್ ಲೋನ್ 2 ಲಕ್ಷ 70 ಸಾವಿರಕ್ಕೆ, ಕಾರ್ಡುಗಳು 1 ಲಕ್ಷ 30 ಸಾವಿರಕ್ಕೆ ಮುಗಿದವು. ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಅಪೀಲು ಇಲ್ಲ. ಆದ್ದರಿಂದ ಕಟ್ಟೋಕೆ ಆಗುವ ಮೊತ್ತಕ್ಕೆ ಮಾತ್ರ ಸಹಿ ಮಾಡಬೇಕು. ಬಾಕಿ ಇಲ್ಲ ಅನ್ನುವ ಪತ್ರ ಕೈಗೆ ಬರುವ ತನಕ ನಾನು ಬ್ರಾಂಚ್ ಬಿಟ್ಟು ಏಳಲಿಲ್ಲ.

ಮೂರು ರೂಪಾಯಿ ಬಡ್ಡಿಯವರಿಗೆ ಲೈಸೆನ್ಸ್ ಇರಲಿಲ್ಲ. ಕಿರುಕುಳ ಕೊಟ್ಟು ವಸೂಲಿ ಮಾಡುವಂಥವರ ಮೇಲೆ ನಮ್ಮ ರಾಜ್ಯ 2025ರಲ್ಲಿ 10 ವರ್ಷದ ತನಕ ಶಿಕ್ಷೆ ಇರುವ ಕಾನೂನು ತಂದಿದೆ. ದೂರು ಕೊಡಿ ಅಂತ ಕೆಲವರು ಹೇಳಿದರು. ಆದರೆ ಇವರು ಆಪರೇಷನ್ ಹಿಂದಿನ ರಾತ್ರಿ ಹಣ ತಂದುಕೊಟ್ಟವರು, ಒಂದು ದಿನವೂ ಗದರಿದವರಲ್ಲ. ಅಸಲು 1 ಲಕ್ಷ 50 ಸಾವಿರ ಕೊಟ್ಟು ಚೆಕ್ ವಾಪಸ್ ತಗೊಂಡು, ಅವರ ಎದುರೇ ಹರಿದೆವು.

ಈಗ ಉಳಿದಿರೋದು ಜಾಮೀನಿನ ಸಾಲ, ಸಂಘ, ಒಡವೆ, ಚಿಲ್ಲರೆ. ಎರಡೂ ಸಂಪಾದನೆ ಸೇರಿಸಿದರೆ ಕಂತು ಅರ್ಧದೊಳಗೆ ಬರುತ್ತದೆ. ಮನೆಯವರ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ‘ಸೆಟಲ್ಡ್’ (ಪೂರ್ತಿ ಕಟ್ಟದೆ ರಾಜಿ ಆದದ್ದು) ಅಂತ ಬಿದ್ದಿದೆ. ಸದ್ಯಕ್ಕೆ ಯಾವ ಬ್ಯಾಂಕೂ ಅವರಿಗೆ ಸಾಲ ಕೊಡಲ್ಲ. ನಮಗೆ ಬೇಕಾಗಿಯೂ ಇಲ್ಲ.

ದಿವಾಳಿ ಅರ್ಜಿ ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಹಿಂದೆ ಜಾಮೀನು ನಿಂತವರು ಇಲ್ಲ, ಚೆಕ್ ಕೊಟ್ಟಿಲ್ಲ, ಮಾರೋಕೆ ಆಸ್ತಿ ಇಲ್ಲ, ಮೇಲೆ ಮೇಲೆ ಡಿಕ್ರಿ ಆಗಿ ಅದನ್ನು ಜಾರಿ ಮಾಡುವ ಅಮಲ್ಜಾರಿ ನೋಟಿಸ್ ಬರುತ್ತಿದೆ ಅಂದರೆ ಅದು ಸರಿಯಾದ ದಾರಿ. ಅಂಥವರು ನಾಚಿಕೆಗೆ ಹಿಂಜರಿಯಬಾರದು. ಘೋಷಣೆ ಆದ ಮೇಲೆ ಸಾಲ ಕೊಟ್ಟವರು ಕೋರ್ಟಿನ ಅನುಮತಿ ಇಲ್ಲದೆ ಹೊಸ ದಾವೆ ಹಾಕುವಂತಿಲ್ಲ, ಆ ಒಂದು ನೆಮ್ಮದಿಗೇ ಎಷ್ಟೋ ಬೆಲೆ ಇದೆ. ಹಾಕುವವರು ಆಸ್ಪತ್ರೆಯ ಬಿಲ್ಲು, ಡಿಸ್ಚಾರ್ಜ್ ಕಾಗದ, ಕೆಲಸ ಹೋದ ಪತ್ರ, ಕಂತು ಕಟ್ಟಿದ ರಸೀದಿ ಒಂದನ್ನೂ ಎಸೆಯಬೇಡಿ. ವಿಮೋಚನೆಯ ದಿನ ಸಾಲ ಕೈಮೀರಿದ್ದು ಯಾಕೆ ಅಂತ ಜಡ್ಜ್ ಕೇಳುವಾಗ ತೋರಿಸೋಕೆ ಬೇಕಾಗೋದು ಅವೇ.