ಹಾಕಿದ್ದು 16, ಸಿಕ್ಕಿದ್ದು 8: ಎರಡೂವರೆ ವಾರದ ರ‍್ಯಾಮ್ ಜಗಳ

ಒಂದು ಕಂಪ್ಯೂಟರಿಗೆ 16 ಜಿಬಿ ರ‍್ಯಾಮ್ (ಮೆಮೊರಿ) ಹಾಕಿದ್ದರೂ ಅರ್ಧವೇ ಸಿಗುತ್ತಿತ್ತು. "ಬೋರ್ಡ್ ಹೋಗಿದೆ, ಬಿಸಾಕು" ಅಂತ ಮೂರು ಜನ ಹೇಳಿದ್ದರು. ಮೂವರೂ ನನ್ನಂತೆಯೇ ದಿನಾ ಮೆಷೀನ್ ಬಿಚ್ಚುವವರು. ಆ ಮದರ್‌ಬೋರ್ಡ್ ಈಗ ನಾಲ್ಕು ತಿಂಗಳಿಂದ ಪೂರ್ತಿ ಮೆಮೊರಿ ತೋರಿಸುತ್ತಾ ದಿನಕ್ಕೆ ಹತ್ತು ತಾಸು ಓಡುತ್ತಿದೆ. ಮೂವರಲ್ಲಿ ಇಬ್ಬರು ಆಮೇಲೆ ಫೋನ್ ಮಾಡಿ "ಏನು ಮಾಡಿದೆ ಹೇಳೋ" ಅಂದರು. ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ರ‍್ಯಾಮ್ ಸ್ಟಿಕ್ ಹೇಗೆ ಕೂರಿಸುವುದು, ಬಯೋಸ್‌ಗೆ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರಿಗೆ) ಹೇಗೆ ಹೋಗುವುದು ಅಂತೆಲ್ಲ ಹೇಳಲು ಹೋಗುವುದಿಲ್ಲ. ಅದು ನಿಮಗೂ ಗೊತ್ತು.

ಮೆಷೀನ್ ಗೆಳೆಯನ ತಂಗಿಯದು. ವಿಡಿಯೋ ಎಡಿಟಿಂಗ್ ಮಾಡುತ್ತಾಳೆ. ಆರನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, ಅದು ಕೂರುವ 1151 ಸಾಕೆಟ್, ನಾಲ್ಕು ಸ್ಲಾಟಿನ ಬೋರ್ಡ್, ಡಿಡಿಆರ್4 8 ಜಿಬಿಯ ಎರಡು ಸ್ಟಿಕ್. ವಿಂಡೋಸ್ 10 ಹೋಮ್, 64 ಬಿಟ್. "ಅಣ್ಣಾ, ಟೈಮ್‌ಲೈನ್ ಸ್ವಲ್ಪ ಎಳೆದರೂ ನಿಂತೇ ಬಿಡುತ್ತೆ" ಅಂದಳು. ಹೋಗಿ ನೋಡಿದರೆ ನಮಗೆಲ್ಲ ಗುರುತಿರುವ ಅದೇ ಸಾಲು: ಇನ್‌ಸ್ಟಾಲ್ ಆಗಿರುವುದು 16.0 ಜಿಬಿ, ಬಳಸಲು ಸಿಗುವುದು 7.9. ರಿಸೋರ್ಸ್ ಮಾನಿಟರ್ ತೆಗೆದೆ. ಹಾರ್ಡ್‌ವೇರ್ ರಿಸರ್ವ್ಡ್ (ವಿಂಡೋಸಿನ ಕೈಗೆ ಸಿಗದ ಪಾಲು) ಅನ್ನುವ ಬೂದು ಪಟ್ಟಿ ಅರ್ಧ ಜಾಗ ನುಂಗಿಕೊಂಡಿತ್ತು, 8,200 ಚಿಲ್ಲರೆ ಎಂಬಿ.

ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಹಿಡಿದದ್ದು ಎರಡೂವರೆ ವಾರ.

ಮೊದಲು ಎಂಎಸ್‌ಕಾನ್ಫಿಗ್, ವಿಂಡೋಸ್ ಹೇಗೆ ಏಳಬೇಕು ಅಂತ ಹೇಳುವ ಸೆಟ್ಟಿಂಗ್. ಬೂಟ್ ಟ್ಯಾಬಿನ ಅಡ್ವಾನ್ಸ್ಡ್‌ನಲ್ಲಿ ಮ್ಯಾಕ್ಸಿಮಮ್ ಮೆಮೊರಿ ಅಂತ ಒಂದು ಟಿಕ್ ಇದೆಯಲ್ಲ, ಅದು. ಟಿಕ್ ಇರಲಿಲ್ಲ. ಅದನ್ನು ಹಾಕಿ 16384 ಅಂತ ಬರೆದರೆ ಮೆಮೊರಿ ವಾಪಸ್ ಬರುತ್ತೆ ಅಂತ ನಂಬಿದವರು ಇನ್ನೂ ಇದ್ದಾರೆ. ಅದು ಕಡಿಮೆ ಮಾಡಲು ಇಟ್ಟಿರುವ ಟಿಕ್, ಜಾಸ್ತಿ ಮಾಡಲು ಅಲ್ಲ. ಒಮ್ಮೆ ನನ್ನ ಪರೀಕ್ಷೆಯ ಮೆಷೀನ್‌ನಲ್ಲಿ ಸುಮ್ನೆ 2048 ಹಾಕಿ ನೋಡಿದ್ದೆ. ವಿಂಡೋಸ್ 2 ಜಿಬಿಯಲ್ಲಿ ಏದುಸಿರು ಬಿಡುತ್ತಾ ಎದ್ದಿತು, ಉಳಿದದ್ದೆಲ್ಲ ಆ ಬೂದು ಪಟ್ಟಿಗೆ ಹೋಗಿತ್ತು. ಯಾರೋ ಹಿಂದೆ ಆಟವಾಡಿ ಬಿಟ್ಟಿರುವ ಮೆಷೀನ್ ಆದರೆ ಇಲ್ಲೇ ಕತೆ ಮುಗಿಯುತ್ತದೆ. ಇದು ಅಂಥದ್ದಲ್ಲ.

ವಿಂಡೋಸಿನ ಮಿತಿಯೂ ಅಲ್ಲ. ವಿಂಡೋಸ್ 7 ಹೋಮ್ ಬೇಸಿಕ್ 64 ಬಿಟ್ ಆಗಿದ್ದರೆ 8 ಜಿಬಿಗೇ ನಿಲ್ಲುತ್ತಿತ್ತು. 32 ಬಿಟ್ ಆಗಿದ್ದರೆ ಮೂರು, ಮೂರೂವರೆ ಜಿಬಿ. 10 ಹೋಮ್ 64 ಬಿಟ್‌ನ ಮಿತಿ 128. ಒಳಗಿನ ಗ್ರಾಫಿಕ್ಸ್‌ಗೆ ಎತ್ತಿಟ್ಟ ಪಾಲು ನೋಡಿದೆ, 64 ಎಂಬಿ. ಹಳೆಯ ಬೋರ್ಡುಗಳಲ್ಲಿರುವ, ಮೆಮೊರಿಯ ವಿಳಾಸ ಬದಲಿಸುವ ಮೆಮೊರಿ ರೀಮ್ಯಾಪ್ ಆಯ್ಕೆ ಇದರಲ್ಲಿ ಇರಲೇ ಇಲ್ಲ. ಬಯೋಸ್ ಡೀಫಾಲ್ಟ್ ಮಾಡಿದೆ, ಬೋರ್ಡಿನ ಬ್ಯಾಟರಿ ಶೆಲ್ ತೆಗೆದು ರಾತ್ರಿಯೆಲ್ಲ ಬಿಟ್ಟೆ, ಬಯೋಸ್ ಅಪ್‌ಡೇಟ್ ಕೂಡ ಮಾಡಿದೆ. ಬೆಳಗ್ಗೆ ಮತ್ತೆ 7.9.

ಆಮೇಲೆ ಸ್ಟಿಕ್‌ಗಳ ಕಡೆ ತಿರುಗಿದೆ. ಚಿನ್ನದ ಪಟ್ಟಿಗೆ ರಬ್ಬರ್ ತಿಕ್ಕಿದೆ, ಆಲ್ಕೋಹಾಲ್‌ನಲ್ಲಿ ಒರೆಸಿದೆ. ಒಂದೊಂದೇ ಸ್ಟಿಕ್ ಎ2 ಸ್ಲಾಟಿಗೆ ಹಾಕಿದೆ, ಎರಡೂ ಸರಿ. (ಎ, ಬಿ ಅಂದರೆ ಎರಡು ಚಾನೆಲ್, ಮೆಮೊರಿಯಿಂದ ಪ್ರೊಸೆಸರಿಗೆ ಹೋಗುವ ಎರಡು ಬೇರೆ ದಾರಿ.) ಹಾಗಾದರೆ ಎರಡೂ ಜೊತೆಯಲ್ಲಿ ಹೊಂದುತ್ತಿಲ್ಲ ಅಂತ ತೀರ್ಮಾನ ಮಾಡಿದೆ. ಇಲ್ಲೇ ನಾನು ಎಡವಿದ್ದು. ಸ್ಟಿಕ್ ಪರೀಕ್ಷೆ ಮಾಡಿದೆನೇ ಹೊರತು ಸ್ಲಾಟ್ ಪರೀಕ್ಷೆ ಮಾಡಲಿಲ್ಲ. ಒಂದೇ ಸ್ಟಿಕ್ಕನ್ನು ಬಿ2ಗೆ ಹಾಕಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಕೆಲಸ ಮಾಡಿದವನು ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬದಲಿಗೆ ಹೊಸ ಜೋಡಿ ಸ್ಟಿಕ್ ಕೊಂಡೆ. ನನ್ನ ಕೈಯಿಂದಲೇ. ಹಾಕಿದೆ, ಆನ್ ಮಾಡಿದೆ, 7.9! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಪ್ಯಾಕೆಟ್ ಒಡೆದಿದ್ದರಿಂದ ವಾಪಸ್ ತೆಗೆದುಕೊಳ್ಳಲಿಲ್ಲ. ಆ ದುಡ್ಡಿಗೆ ಅದೇ ಮಾದರಿಯ ಸೆಕೆಂಡ್‌ಹ್ಯಾಂಡ್ ಬೋರ್ಡೇ ಹೆಚ್ಚು ಕಡಿಮೆ ಬರುತ್ತಿತ್ತು. ಅವಳಿಂದ ಕೇಳಲು ಮನಸ್ಸಾಗಲಿಲ್ಲ. ಆ ಸ್ಟಿಕ್‌ಗಳು ಈಗ ನನ್ನ ಸ್ವಂತ ಮೆಷೀನ್‌ನಲ್ಲಿವೆ, ಅದಕ್ಕೆ ಅವುಗಳ ಅಗತ್ಯವೇ ಇರಲಿಲ್ಲ.

ದಾರಿ ತಪ್ಪಿಸಿದ ಇನ್ನೊಂದು ವಿಷಯ ಸಿಪಿಯು-ಝಡ್, ಮೆಷೀನಿನ ಭಾಗಗಳ ವಿವರ ತೋರಿಸುವ ಪ್ರೋಗ್ರಾಂ. ಅದರ ಎಸ್‌ಪಿಡಿ ಟ್ಯಾಬಿನಲ್ಲಿ ಎರಡೂ ಸ್ಟಿಕ್ ಚೆನ್ನಾಗಿ ಕಾಣುತ್ತಿದ್ದವು. ಕಂಪನಿ, ಸ್ಪೀಡ್, ತಯಾರಾದ ವಾರ, ಎಲ್ಲ. ಒಬ್ಬ ಗೆಳೆಯ "ಸ್ಟಿಕ್ ಕಾಣ್ತಿದೆ ಅಂದ್ರೆ ಸ್ಲಾಟ್ ಸರಿ ಇದೆ, ವಿಂಡೋಸ್ ಹೊಸದಾಗಿ ಹಾಕು" ಅಂದ. ಹಾಕಿದೆ ಕೂಡ. ಒಂದು ದಿನ ಹೋಯಿತು, ಮತ್ತೆ 7.9.

ಅಸಲಿ ಸಂಗತಿ ಏನೆಂದರೆ, ಆ ವಿವರಗಳೆಲ್ಲ ಸ್ಟಿಕ್ ಮೇಲಿನ ಒಂದು ಪುಟ್ಟ ಚಿಪ್‌ನಲ್ಲಿರುತ್ತವೆ. ಅದನ್ನು ಓದುವುದು ಎಸ್‌ಎಂಬಸ್ ಅನ್ನುವ ಬೇರೆಯೇ ಎರಡು ತಂತಿಯಲ್ಲಿ. ಡೇಟಾ ಓಡುವ 64 ಗೆರೆಗಳು ನೇರ ಪ್ರೊಸೆಸರಿಗೇ ಹೋಗುತ್ತವೆ. ಡೇಟಾ ಗೆರೆ ಸತ್ತರೂ ಎಸ್‌ಎಂಬಸ್ ಬದುಕಿರಬಹುದು. ವಿಂಡೋಸ್ ತೋರಿಸುವ 16 ಬರುವುದು ಬಯೋಸ್ ಬರೆದಿಟ್ಟ ಪಟ್ಟಿಯಿಂದ. 7.9 ಬರುವುದು ಬೂಟ್ ಆಗುವಾಗ ನಿಜವಾಗಿ ಕೈಗೆ ಸಿಕ್ಕ ಮೆಮೊರಿಯ ನಕ್ಷೆಯಿಂದ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಕ್ಲಾಸಿನಲ್ಲಿ ಹುಡುಗ ಇಲ್ಲ. ಅಷ್ಟೇ.

ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿ ಬೂಟ್ ಮಾಡಿದಾಗ ಇದು ಖಾತ್ರಿಯಾಯಿತು. ಬಯೋಸ್ ಪಟ್ಟಿ ಓದುವ ಡಿಎಂಐಡಿಕೋಡ್ ಎರಡೂ ಸ್ಟಿಕ್ ತೋರಿಸಿತು, ಕೈಗೆ ಸಿಕ್ಕ ಮೆಮೊರಿ ಹೇಳುವ ಫ್ರೀ ಕಮಾಂಡ್ 7.7 ಅಂದಿತು. ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿ ಒಂದೂ ಎರರ್ ಇಲ್ಲ ಅಂದಿತು. ಆದರೆ ಅದು ಪರೀಕ್ಷೆ ಮಾಡಿದ್ದೇ 8 ಜಿಬಿ. ಕೈಗೆ ಸಿಗದ ಮೆಮೊರಿಯಲ್ಲಿ ತಪ್ಪು ಎಲ್ಲಿಂದ ಸಿಗಬೇಕು? ಲಿನಕ್ಸ್ ಬೂಟ್ ಮಾಡಿ ನೋಡುವ ಈ ಹತ್ತು ನಿಮಿಷದ ಕೆಲಸ ಮೊದಲ ದಿನವೇ ಮಾಡಿದ್ದರೆ ವಿಂಡೋಸ್ ಕಿತ್ತು ಹಾಕುವುದು ತಪ್ಪುತ್ತಿತ್ತು. ಈಗ ಯಾವ ಮೆಷೀನ್ ಬಂದರೂ ಮೊದಲು ಲಿನಕ್ಸ್, ಆಮೇಲೆ ಮಾತು.

ಹನ್ನೆರಡನೇ ದಿನಕ್ಕೋ ಏನೋ, ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. "ಇದು ಯಾವಾಗಿಂದ ಹೀಗೆ?" "ಫ್ಯಾನ್ ಸದ್ದು ಜಾಸ್ತಿ ಅಂತ ಪ್ರೊಸೆಸರ್‌ಗೆ ದೊಡ್ಡ ಕೂಲರ್ ಹಾಕಿಸಿದ್ವಲ್ಲ ಅಣ್ಣಾ, ಅದಾದ ಮೇಲೇ" ಅಂದಳು.

ತಲೆ ಚಚ್ಚಿಕೊಂಡೆ. ಇಂಟೆಲ್‌ನಲ್ಲಿ ಮೆಮೊರಿ ಕಂಟ್ರೋಲರ್ 2008ರಿಂದ ಪ್ರೊಸೆಸರ್ ಒಳಗೇ ಕೂತಿದೆ. ಅಂದರೆ ರ‍್ಯಾಮ್ ಸ್ಲಾಟಿನ ಗೆರೆಗಳು ಕೊನೆಗೆ ಮುಟ್ಟುವುದು ಪ್ರೊಸೆಸರ್ ಸಾಕೆಟ್ಟಿನ ಪಿನ್ನುಗಳನ್ನು. ಅದರ ಮೇಲೆ ಓರೆಯಾಗಿ ಒತ್ತಡ ಬಿದ್ದರೆ ಒಂದು ಚಾನೆಲ್ ಪೂರ್ತಿ ಮಾಯ. ಅದರಲ್ಲೂ 2015ರಲ್ಲಿ ಬಂದ ಈ ಆರನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿ ಚಿಪ್ ಕೂತಿರುವ ಹಲಗೆ ಹಿಂದಿನವಕ್ಕಿಂತ ತೆಳು. ಭಾರಿ ಕೂಲರ್‌ಗಳ ಒತ್ತಡಕ್ಕೆ ಬಾಗಿದ ಸುದ್ದಿ ಆಗಲೇ ಬಂದಿತ್ತು, ಒಂದು ಕೂಲರ್ ಕಂಪನಿ ಸ್ಕ್ರೂ ಸೆಟ್ ಬದಲಾಯಿಸಿ ಕೊಟ್ಟಿತ್ತು ಕೂಡ.

ಕೂಲರ್ ನೋಡಿದೆ. ಎತ್ತರದ ಗೋಪುರದಂಥದ್ದು, ನಾಲ್ಕು ಸ್ಕ್ರೂ. ರ‍್ಯಾಮ್ ಪಕ್ಕದ ಮೂಲೆಯ ಸ್ಕ್ರೂ ಯಾವನೋ ಜಿದ್ದಿಗೆ ಬಿದ್ದವನ ಹಾಗೆ ತಿರುಗಿಸಿದ್ದ. ಸ್ಕ್ರೂಡ್ರೈವರ್ ಹಾಕಿದರೆ ಮೊದಲು ಅಲುಗಾಡಲೇ ಇಲ್ಲ. ಕಾಲು ಸುತ್ತು ಬಿಚ್ಚಿ ಆನ್ ಮಾಡಿದೆ, 7.9. ಇನ್ನೊಂದು ಕಾಲು ಸುತ್ತು. 15.9!

ಒಬ್ಬನೇ ಕೂತು ಚಪ್ಪಾಳೆ ಹೊಡೆದೆ. ಮೂವರಿಗೂ ಫೋಟೋ ಕಳಿಸಿದೆ. ಮಾರನೇ ದಿನ ಮೆಷೀನ್ ಎತ್ತಿ ನಿಲ್ಲಿಸಿದೆ, ಮತ್ತೆ 7.9. ಮೂವರಿಂದಲೂ ನಗುವ ಮುಖಗಳು ಬಂದವು.

ಇಲ್ಲೊಂದು ಮಜಾ ನಡೆಯಿತು. ರಿಪೇರಿ ಮಾಡುವಾಗ ಕ್ಯಾಬಿನೆಟ್ ಮಲಗಿತ್ತು. ವಾಪಸ್ ಮಲಗಿಸಿ ಆನ್ ಮಾಡಿದೆ, 15.9. ನಿಲ್ಲಿಸಿದೆ, 7.9. ನಿಂತಾಗ ಆ ಗೋಪುರದ ಭಾರವೆಲ್ಲ ಪಕ್ಕಕ್ಕೆ ಜಗ್ಗುತ್ತದೆ ಅಲ್ವಾ, ಅದು. ಕುತೂಹಲಕ್ಕೆ ಕೂಲರ್ ಕೆಳಗೆ ಒಂದು ರಟ್ಟಿನ ಊರುಗೋಲು ಕೊಟ್ಟೆ. ಹತ್ತರಲ್ಲಿ ಆರೇಳು ಸಲ 15.9 ಬಂತು. ಒಂದು ಮಧ್ಯಾಹ್ನ ಪೂರ್ತಿ ಇದೇ ಆಟ, ಮಲಗಿಸು, ನಿಲ್ಲಿಸು, ಓರೆ ಮಾಡು, ಬರೆದುಕೋ. ಕೆಲಸಕ್ಕೆ ಬಾರದ ಪ್ರಯೋಗ ಅಂತೀರಾ? ಸ್ಕ್ರೂ ಸಡಿಲಿಸಿದರೆ ಸಾಲದು, ಒಳಗೆ ಪಿನ್ ಒಂದು ಅರೆಬರೆ ಮುಟ್ಟುತ್ತಿದೆ ಅಂತ ಗೊತ್ತಾದದ್ದು ಇದರಿಂದಲೇ.

ಪ್ರೊಸೆಸರ್ ತೆಗೆದೆ. 1151 ಪಿನ್. ನೇರ ಬೆಳಕಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತವೆ, ಮೋಸ ಹೋಗಬೇಡಿ. ಟಾರ್ಚ್ ಬಗ್ಗಿಸಿ ಪಕ್ಕದಿಂದ ಬಿಡಬೇಕು. ಆಗ ಪಿನ್ನುಗಳ ತುದಿ ಸಾಲು ಸಾಲಾಗಿ ಮಿನುಗುತ್ತವೆ, ನಾಟಿ ಮಾಡಿದ ಗದ್ದೆಯ ಹಾಗೆ. ಭೂತಗನ್ನಡಿ ಹಿಡಿದು ಸಾಲು ಸಾಲೇ ನೋಡುತ್ತಾ ಹೋದೆ. ಮೂರನೇ ಸುತ್ತಿಗೆ ಸಿಕ್ಕಿತು. ರ‍್ಯಾಮ್ ಕಡೆಯ ಅಂಚಿನಿಂದ ನಾಲ್ಕನೇ ಸಾಲು. ಒಂದೇ ಒಂದು ಚುಕ್ಕೆ ಉಳಿದವಕ್ಕಿಂತ ಮಂಕು, ಕೂದಲೆಳೆಯಷ್ಟು ಕೆಳಗೆ, ಸ್ವಲ್ಪ ಎಡಕ್ಕೆ. ಅದರ ಬುಡದಲ್ಲಿ ಥರ್ಮಲ್ ಪೇಸ್ಟಿನ (ಪ್ರೊಸೆಸರ್, ಕೂಲರ್ ನಡುವೆ ಹಚ್ಚುವುದು) ಬೂದು ಕಲೆ. ಕೂಲರ್ ಹಾಕುವಾಗ ಪ್ರೊಸೆಸರ್ ಕೂಡ ಎತ್ತಿ ಇಟ್ಟಿದ್ದಾರೆ ಅಂತ ಆಗ ತಿಳಿಯಿತು.

ಮೊದಲು ಪೇಸ್ಟ್. ಆಲ್ಕೋಹಾಲ್‌ನಲ್ಲಿ ಅದ್ದಿದ ಮೃದು ಬ್ರಷ್, ಪಿನ್ ಬಾಗಿರುವ ದಿಕ್ಕಿಗೇ. ಎದುರು ದಿಕ್ಕಿಗೆ ಎಳೆದರೆ ಒಂದರ ಬದಲು ಇಪ್ಪತ್ತು ರಿಪೇರಿ. ಹತ್ತಿ ಕಡ್ಡಿ ಬೇಡವೇ ಬೇಡ, ಅದರ ಎಳೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಹೊಲಿಗೆಯ ಸೂಜಿ, ತುದಿ ಸ್ವಲ್ಪ ಮೊಂಡು ಮಾಡಿದ್ದು, ಪೆನ್ಸಿಲ್ ತುಂಡಿಗೆ ಚುಚ್ಚಿ ಹಿಡಿ ಮಾಡಿಕೊಂಡೆ. ಮೊದಲ ಸಲ ಎತ್ತಿದ್ದು ಕಡಿಮೆಯಾಯಿತು. ಎರಡನೇ ಸಲ ಜಾಸ್ತಿಯಾಗಿ ಎದೆ ಝಲ್ಲೆಂದಿತು. ಮೂರನೆಯದಕ್ಕೆ ಸಾಲಿಗೆ ಬಂತು. ಪಿನ್ನಿನ ಯಾವ ಭಾಗಕ್ಕೆ ಸೂಜಿ ಕೊಡಬೇಕು, ಅಂಗೈ ಎಲ್ಲಿ ಊರಿದರೆ ಕೈ ನಡುಗುವುದಿಲ್ಲ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಹತ್ತಾರು ಗುಜರಿ ಬೋರ್ಡ್ ಹಾಳು ಮಾಡಿ ಕಲಿತದ್ದು, ಹೊಟ್ಟೆಪಾಡು ನೋಡಿ. ನೀವೂ ಮೊದಲು ಗುಜರಿಯ ಮೇಲೆ ಕೈ ಪಳಗಿಸಿಕೊಳ್ಳಿ.

ಕೂಲರನ್ನು ಎದುರುಬದುರು ಮೂಲೆಗಳ ಲೆಕ್ಕದಲ್ಲಿ, ಅರ್ಧರ್ಧ ಸುತ್ತು ತಿರುಗಿಸುತ್ತಾ ಕೂರಿಸಿದೆ. ಎಲ್ಲಿಗೆ ನಿಲ್ಲಿಸಬೇಕು ಅನ್ನುವುದಕ್ಕೂ ನನ್ನದೊಂದು ಗುರುತಿದೆ, ಅದೂ ನನ್ನಲ್ಲೇ ಇರಲಿ. ಸ್ಟಿಕ್ ಎ2, ಬಿ2. ಆನ್ ಮಾಡಿದೆ, 15.9. ನಿಲ್ಲಿಸಿದೆ, 15.9. ಕ್ಯಾಬಿನೆಟ್‌ಗೆ ಎರಡು ಗುದ್ದು ಕೊಟ್ಟೆ, 15.9. ಈ ಸಲ ಯಾರಿಗೂ ಫೋಟೋ ಕಳಿಸಲಿಲ್ಲ. ಮೆಮ್‌ಟೆಸ್ಟ್ ನಾಲ್ಕು ಸುತ್ತು ಮುಗಿಸಲಿ ಅಂತ ಕಾದೆ. ಪೂರ್ತಿ 16 ಜಿಬಿಗೆ, ಒಂದೂ ಎರರ್ ಇಲ್ಲದೆ ಮುಗಿಸಿತು.

ರಿಪೇರಿಗೆ ನಿಜವಾಗಿ ತಗುಲಿದ ಖರ್ಚು ಥರ್ಮಲ್ ಪೇಸ್ಟಿನ ಒಂದು ಬಟಾಣಿಯಷ್ಟು ಉಂಡೆ. ಸೂಜಿ ಮನೆಯದೇ. ಕೂಲಿ ಅಂತ ಅವಳಿಂದ ತೆಗೆದುಕೊಂಡದ್ದು ಒಂದು ಸ್ಟಿಕ್ಕಿನ ಅರ್ಧ ಬೆಲೆ. ನಾನು ಅನ್ಯಾಯವಾಗಿ ಕೊಂಡದ್ದು ಎರಡು ಸ್ಟಿಕ್. ಲೆಕ್ಕ ನೀವೇ ಹಾಕಿ.

ಆಮೇಲೆ ಇನ್ನೂ ಎರಡು ಬಂದವು. ಒಂದು 1150 ಸಾಕೆಟ್ಟಿನದು, ಅದೇ ರೋಗ, ಬಿ2 ಪರೀಕ್ಷೆಯಿಂದ ಶುರು ಮಾಡಿ ಮುಕ್ಕಾಲು ಗಂಟೆಯಲ್ಲಿ ಮುಗಿಸಿದೆ. ಇನ್ನೊಂದಕ್ಕೆ ಸಾಕೆಟ್ ಕನ್ನಡಿಯ ಹಾಗಿತ್ತು, ಕೂಲರ್ ಸರಿ, ಪ್ರೊಸೆಸರ್ ಬೇರೆ ಹಾಕಿದರೂ ಅರ್ಧವೇ. ಅದು ನಿಜವಾಗಿಯೂ ಬೋರ್ಡ್ ಹೋಗಿತ್ತು. ನಡುವೆ ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪ್ ಒಂದಕ್ಕೆ ಡಿಡಿಆರ್3 16 ಜಿಬಿಯ ಒಂಟಿ ಸ್ಟಿಕ್ ಹಾಕಿ ತಂದಿದ್ದರು. ಆ ತಲೆಮಾರಿಗೆ ಸ್ಲಾಟಿಗೆ 8ಕ್ಕಿಂತ ಜಾಸ್ತಿ ನಡೆಯುವುದಿಲ್ಲ, ಸೂಜಿ ಹಿಡಿದರೂ ಅಷ್ಟೇ, ದೇವರೇ ಬಂದರೂ ಅಷ್ಟೇ.

ನಕ್ಕ ಮೂವರಲ್ಲಿ ಮೂರನೆಯವನು ಕೊನೆಗೂ ಫೋನ್ ಮಾಡಲಿಲ್ಲ. ಕಳೆದ ವಾರ ಒಂದು ರಟ್ಟಿನ ಡಬ್ಬ ಕಳಿಸಿದ. ಒಳಗೆ ಅವನು ಹೋಗಿದೆ ಅಂತ ಎತ್ತಿಟ್ಟಿದ್ದ ಆರು ಬೋರ್ಡ್. ಚೀಟಿ ಗೀಟಿ ಏನಿಲ್ಲ. ಎರಡರ ಸಾಕೆಟ್ ನೋಡಿ ಮುಗಿಸಿದ್ದೇನೆ, ಒಂದರಲ್ಲಿ ಮೂರು ಪಿನ್ ಮಲಗಿವೆ. ಉಳಿದ ನಾಲ್ಕು ಈಗ ಟೇಬಲ್ ಮೇಲಿವೆ, ಟಾರ್ಚ್ ಚಾರ್ಜ್ ಆಗುತ್ತಿದೆ.