ಮೆಣಸಿನಕಾಯಿ ಪೇಟೆಯಲ್ಲಿ ನನ್ನ ಕಳ್ಳರ ಭಯ

ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಗಾದಿಯ ಮೇಲೆ ಕುಳಿತಿದ್ದ ಸಾಹುಕಾರರ ಮುಂದೆ ನಾನು ನೂರು ರೂಪಾಯಿಯ ಛಾಪಾ ಕಾಗದ ಇಟ್ಟೆ. ನಾನು ತೋರಿಸಲಿರುವುದನ್ನು ಬೇರೆ ಯಾರಿಗೂ ಹೇಳುವುದಿಲ್ಲ ಎಂಬ ಗೌಪ್ಯತಾ ಒಪ್ಪಂದ ಅದು. ಅವರು ಕನ್ನಡಕ ಏರಿಸಿ ಎರಡು ಸಾಲು ಓದಿದರು. ಕಾಗದ ಮಗುಚಿ ಹಿಂಬದಿಯನ್ನೂ ನೋಡಿದರು.

"ತಮ್ಮಾ, ಸಾಲ ಕೊಡುವಾಗ ನಾನು ಇಂಥದ್ದಕ್ಕೆ ಸಹಿ ಹಾಕಿಸಿಕೊಳ್ಳುತ್ತೇನೆ. ನೀನು ನನಗೆ ಎಷ್ಟು ಕೊಟ್ಟಿದ್ದೀಯ?"

ಗುಮಾಸ್ತರೆಲ್ಲ ನಕ್ಕರು. ನನಗೆ ಚಹಾ ಕುಡಿಸಿ ಕಳಿಸಿದರು. ಲ್ಯಾಪ್‌ಟಾಪ್ ಚೀಲದಿಂದ ಹೊರಗೇ ಬರಲಿಲ್ಲ. ಇದು ನಡೆದದ್ದು 2019ರ ಜನವರಿಯಲ್ಲಿ. ಅಷ್ಟರಲ್ಲಿ ನಾನು ಬೆಂಗಳೂರಿನ ನೌಕರಿ ಬಿಟ್ಟು ಹುಬ್ಬಳ್ಳಿಗೆ ಬಂದು ಹತ್ತು ತಿಂಗಳಾಗಿತ್ತು. ವಿದ್ಯಾನಗರದ ಒಂದು ಕೋಣೆಯಲ್ಲಿ ನಾನು ಮತ್ತು ನನ್ನ ಬಿ.ವಿ.ಬಿ. ಕಾಲೇಜಿನ ಗೆಳೆಯ ಇಬ್ಬರೇ ಕುಳಿತು, ದಲಾಲಿ ಅಂಗಡಿಗಳ ಲೆಕ್ಕ ನೋಡಿಕೊಳ್ಳುವ ತಂತ್ರಾಂಶ ಬರೆಯುತ್ತಿದ್ದೆವು.

ಆಲೋಚನೆ ಹುಟ್ಟಿದ್ದು ಸೋದರಮಾವನಿಂದ. ಅವರು ಅದೇ ಪೇಟೆಯಲ್ಲಿ ಗುಮಾಸ್ತರು. ಸೋಮವಾರ ಮತ್ತು ಗುರುವಾರ ಅಲ್ಲಿ ವ್ಯಾಪಾರ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಒಂದೇ ದಿನಕ್ಕೆ ಲಕ್ಷಕ್ಕೂ ಹೆಚ್ಚು ಚೀಲ ಮೆಣಸಿನಕಾಯಿ ಬಂದು ಬೀಳುತ್ತದೆ. ಕಡ್ಡಿ, ಡಬ್ಬಿ, ಗುಂಟೂರು ಎಂದು ತಳಿವಾರು ಲಾಟು ಮಾಡಿ ಅಂಗಡಿಯ ಮುಂದೆ ಇಡುತ್ತಾರೆ. ಖರೀದಿದಾರರು ಕೈಹಾಕಿ, ಬಣ್ಣ ನೋಡಿ, ತೇವ ನೋಡಿ ಸರ್ಕಾರದ ಆನ್‌ಲೈನ್ ಟೆಂಡರಿನಲ್ಲಿ ದರ ಬರೆಯುತ್ತಾರೆ. ದರ ಗೊತ್ತಾದ ಮೇಲೆ ರೈತ ಒಪ್ಪಬೇಕು, ಹಮಾಲರು ತೂಕ ಹಾಕಬೇಕು, ಆಮೇಲೆ ಗುಮಾಸ್ತ ಪಟ್ಟಿ, ಅಂದರೆ ರೈತನಿಗೆ ಸಲ್ಲಬೇಕಾದ ಹಣದ ಲೆಕ್ಕದ ಚೀಟಿ, ಬರೆಯಬೇಕು. ಹಂಗಾಮಿನಲ್ಲಿ ಪಟ್ಟಿ ಬರೆದು ಮುಗಿಯುವುದು ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ. ರೈತ ಅಲ್ಲಿಯವರೆಗೆ ಚೀಲಕ್ಕೆ ಒರಗಿ ಕಾಯುತ್ತಾನೆ. ಆ ಕಾಯುವ ಎರಡು ಗಂಟೆಯನ್ನು ಹತ್ತು ನಿಮಿಷ ಮಾಡುವುದೇ ನಮ್ಮ ಆಲೋಚನೆ.

ಇಷ್ಟು ಸರಳವಾಗಿದ್ದರಿಂದಲೇ ನನಗೆ ಭಯ. ದೊಡ್ಡ ಕಂಪನಿಯೊಂದು ಕಣ್ಣು ಹಾಕಿದರೆ ಹದಿನೈದು ದಿನದಲ್ಲಿ ನಲವತ್ತು ಎಂಜಿನಿಯರುಗಳನ್ನು ಕೂರಿಸಿ ಮಾಡಿ ಬಿಸಾಡುತ್ತದೆ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಗೆಳೆಯ ಹೆದರಿಕೆಗೆ ಎಣ್ಣೆ ಹೊಯ್ಯುವುದರಲ್ಲಿ ನಿಪುಣ. ಸ್ನ್ಯಾಪ್‌ಚಾಟ್‌ನ ಸ್ಟೋರೀಸ್ ಅನ್ನು ಇನ್‌ಸ್ಟಾಗ್ರಾಂ 2016ರಲ್ಲಿ ಹೆಸರನ್ನೂ ಬದಲಿಸದೆ ಎತ್ತಿಕೊಂಡದ್ದನ್ನು ವಾರಕ್ಕೊಮ್ಮೆ ನೆನಪಿಸುತ್ತಿದ್ದ. ಹುಬ್ಬಳ್ಳಿಯಲ್ಲಿ ಹೊಸ ಉದ್ಯಮಗಳಿಗೆ ಜಾಗ, ಸಲಹೆ ಕೊಡುವ ಕೇಂದ್ರಗಳಿವೆ. ವಿಮಾನ ನಿಲ್ದಾಣದ ಹತ್ತಿರ ದೇಶಪಾಂಡೆ ಫೌಂಡೇಶನ್ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ನಾವು ಅತ್ತ ಕಾಲಿಡಲಿಲ್ಲ. ಅಲ್ಲಿ ನೂರು ಜನ ಇರುತ್ತಾರೆ, ನೂರು ಕಿವಿ ಇರುತ್ತವೆ ಎಂಬ ಲೆಕ್ಕ. ಮಾವನಿಗೂ ಪೂರ್ತಿ ತೋರಿಸಿರಲಿಲ್ಲ. ಅವರು ತಮ್ಮ ಸಾಹುಕಾರರಿಗೆ ಹೇಳಿಬಿಟ್ಟರೆ?

ಛಾಪಾ ಕಾಗದ ತಿರಸ್ಕೃತವಾದ ಮೇಲೆ ಧಾರವಾಡದ ಒಬ್ಬ ವಕೀಲರನ್ನು ಕಂಡೆ. ಹೈಕೋರ್ಟ್ ಪೀಠದಲ್ಲಿ ವಾದಿಸುವವರು, ಗೆಳೆಯನ ದೂರದ ನೆಂಟರು, ಹಾಗಾಗಿ ಶುಲ್ಕ ತೆಗೆದುಕೊಳ್ಳಲಿಲ್ಲ. ಪೇಟೆಂಟ್ ಮಾಡಿಸಿಕೊಡಿ ಎಂದೆ. ಅವರು ಹೇಳಿದ್ದು ಚುಟುಕಾಗಿ ಹೀಗೆ: 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಸಿಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ನೀವು ಬರೆದ ಕೋಡನ್ನು ಕಾಯುತ್ತದೆ, ಅದರ ಹಿಂದಿನ ಆಲೋಚನೆಯನ್ನು ಕಾಯುವುದಿಲ್ಲ. ಅದೇ ಕೆಲಸವನ್ನು ಇನ್ನೊಬ್ಬರು ಸ್ವಂತವಾಗಿ ಬೇರೆ ಕೋಡ್ ಬರೆದು ಮಾಡಿಸಿದರೆ ತಡೆಯಲಾಗದು. ಹೆಸರಿಗೆ ಮಾತ್ರ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ. ಸಣ್ಣ ಉದ್ಯಮಕ್ಕೆ ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ 4,500 ರೂಪಾಯಿ.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನ ಮುಖ ಇಳಿಯಿತು. "ಕೋಡೆಲ್ಲ ನಿಮ್ಮದೇ ತಾನೆ?" ಪರದೆಯ ವಿನ್ಯಾಸ ಮತ್ತು ಪಟ್ಟಿ ಮುದ್ರಿಸುವ ಭಾಗವನ್ನು ನಾವು ಗದಗಿನ ಒಬ್ಬ ಹುಡುಗನಿಗೆ ಹಣ ಕೊಟ್ಟು ಮಾಡಿಸಿದ್ದೆವು. ಬರವಣಿಗೆಯಲ್ಲಿ ಒಂದಕ್ಷರವೂ ಇರಲಿಲ್ಲ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನದು. ಹೊರಗಿನವರಿಂದ ಬರೆಸಿದ್ದು ಲಿಖಿತವಾಗಿ ವರ್ಗಾಯಿಸಿಕೊಳ್ಳದಿದ್ದರೆ ಬರೆದವನದೇ. ಅಂದರೆ ಕಳ್ಳರಿಗೆ ಹೆದರಿ ಬೀಗ ಹುಡುಕುತ್ತಿದ್ದ ಮನೆಯ ಅರ್ಧ ಭಾಗ ನನ್ನದಾಗಿರಲೇ ಇಲ್ಲ. ಮರುದಿನವೇ ಗದಗಿನ ಬಸ್ ಹತ್ತಿದೆ. ಹುಡುಗ ಒಳ್ಳೆಯವನು, ಊಟ ಹಾಕಿಸಿ ಸಹಿ ಮಾಡಿಕೊಟ್ಟ.

ವಕೀಲರು ಹೊರಡುವಾಗ ಪೇಢೆಯ ಡಬ್ಬಿ ಮುಂದೆ ಹಿಡಿದು, "ಖೋವಾ, ಸಕ್ಕರೆ ಎಂದು ಊರಿಗೆಲ್ಲ ಗೊತ್ತು, ನೂರು ಜನ ಮಾಡುತ್ತಾರೆ. ಆದರೂ ಲೈನ್ ಬಜಾರಿನಲ್ಲಿ ಸಾಲು ನಿಲ್ಲುವುದು ನೋಡಿ" ಎಂದರು. ಧಾರವಾಡದಲ್ಲಿ ಯಾವ ವ್ಯಾಪಾರದ ಮಾತು ಎತ್ತಿದರೂ ಪೇಢೆಯಲ್ಲೇ ಮುಗಿಯುತ್ತದೆ. ನನಗೆ ಈ ಹೋಲಿಕೆ ಆಗಲೂ ಒಪ್ಪಿಗೆಯಾಗಿರಲಿಲ್ಲ, ಈಗಲೂ ಇಲ್ಲ. ಪಕ್ಕದಂಗಡಿಯವನು ಮೂರು ವರ್ಷ ಪೇಢೆಯನ್ನು ಪುಕ್ಕಟೆ ಹಂಚಿದರೆ ಆ ಸಾಲು ಏನಾಗುತ್ತದೋ ನೋಡಬೇಕು.

ಒಪ್ಪಂದದ ಕಾಗದ ಬಿಟ್ಟು ಮತ್ತೆ ಬ್ಯಾಡಗಿಗೆ ಹೋದೆ. ಅದೇ ಅಂಗಡಿ, ಅದೇ ಗಾದಿ. ಲ್ಯಾಪ್‌ಟಾಪ್ ತೆರೆದು ನಮ್ಮ ಬಣ್ಣಬಣ್ಣದ ನಕ್ಷೆಗಳನ್ನು ತೋರಿಸತೊಡಗಿದೆ: ತಿಂಗಳವಾರು ಆವಕ, ತಳಿವಾರು ದರ. ಹತ್ತು ತಿಂಗಳ ಬೆವರಿನಲ್ಲಿ ನಾಲ್ಕು ತಿಂಗಳು ಈ ನಕ್ಷೆಗಳಿಗೇ ಹೋಗಿತ್ತು. ಹಿರಿಯ ಗುಮಾಸ್ತರೊಬ್ಬರು ಹಿಂದಿನಿಂದ ಬಗ್ಗಿ ನೋಡಿ ಕೇಳಿದರು: "ಉಚಂತಿ ಎಲ್ಲಿದೆ?"

ಉಚಂತಿ ಎಂದರೆ ರೈತ ಹಂಗಾಮಿಗೆ ಮೊದಲು, ಬೀಜಕ್ಕೋ ಗೊಬ್ಬರಕ್ಕೋ ಮಗಳ ಮದುವೆಗೋ ಅಂಗಡಿಯಿಂದ ಎತ್ತಿದ ಮುಂಗಡ. ಪಟ್ಟಿ ಬರೆಯುವಾಗ ಮುರಿದುಕೊಳ್ಳುವುದು ಅದನ್ನೇ. ಯಾವ ತಾರೀಖಿಗೆ ಎಷ್ಟು ಎತ್ತಿದ, ಈ ಲಾಟಿನಲ್ಲಿ ಎಷ್ಟು ಮುರಿಯಬೇಕು, ಎಷ್ಟು ಮುಂದಿನ ವಾರಕ್ಕೆ ಬಿಡಬೇಕು ಎಂಬುದರ ಮೇಲೆಯೇ ಅಂಗಡಿ ಮತ್ತು ರೈತನ ಸಂಬಂಧ ನಿಂತಿರುತ್ತದೆ. ನಮ್ಮ ತಂತ್ರಾಂಶದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಮಾವನಿಗೆ ಒಂದು ಸಂಜೆ ಪೂರ್ತಿ ತೋರಿಸಿದ್ದರೆ ಮೊದಲ ವಾರದಲ್ಲೇ ಹೇಳುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೇವೆ. ನಾವು ಕುಲಾವಿಗೆ ಬೀಗವನ್ನೂ ಹಾಕಿಸಿದ್ದೆವು.

ಆಮೇಲಿನ ಎರಡು ಹಂಗಾಮು ನಾನು ಪೇಟೆಯಲ್ಲೇ ಕಳೆದೆ ಎನ್ನಬೇಕು. ಕೀಬೋರ್ಡಿನ ಸಂದಿಯಲ್ಲಿ ಕೆಂಪು ಪುಡಿ, ಪ್ರಿಂಟರಿನ ರೋಲರಿನಲ್ಲಿ ಮೆಣಸಿನ ಬೀಜ. ಒಂದು ಅಂಗಡಿಯ ಖಾತೆಯಲ್ಲಿ ನಲವತ್ತು ಬಸವರಾಜರು. ಮೊಬೈಲ್ ಸಂಖ್ಯೆಯಿಂದ ಗುರುತಿಸೋಣವೆಂದರೆ ಅಪ್ಪ, ಇಬ್ಬರು ಮಕ್ಕಳು, ಅಳಿಯ ನಾಲ್ವರಿಗೂ ಒಂದೇ ಸಂಖ್ಯೆ. ಖಾತೆ ಮಾತ್ರ ನಾಲ್ಕು. ಕೊನೆಗೆ ಊರು, ತಂದೆಯ ಹೆಸರು, ಅದೂ ಸಾಲದಿದ್ದರೆ ಗುಮಾಸ್ತರ ಬಾಯಲ್ಲಿರುವ ಅಡ್ಡಹೆಸರು, ಹೀಗೆ ಮೂರು ಎಳೆಯಿಂದ ಗುರುತಿಸುವ ಪದ್ಧತಿ ಮಾಡಿದೆವು. ಹಳೆಯ ಹೆಸರುಗಳೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವೊತ್ತು ಒಂದು ಅಕ್ಷರ ಮುಂದಕ್ಕೆ ಜಾರಿ ಕರ್ಜಗಿ ಎಂಬ ಊರು ಕಜರ್ಗಿ ಆಗುತ್ತಿತ್ತು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ಅಕ್ಷರದ ನಂತರ ಇಡುತ್ತಾರೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಇದನ್ನು ಸರಿಪಡಿಸಲು ಗೆಳೆಯನಿಗೆ ಮೂರು ವಾರ ಹಿಡಿಯಿತು.

2021ರ ಫೆಬ್ರುವರಿಯಲ್ಲಿ ನಾನು ಹೆದರಿದ್ದವರೇ ಬಂದರು. ಆಗ ನಮಗೆ ಮೂವತ್ತನಾಲ್ಕು ಅಂಗಡಿಗಳಿದ್ದವು. ದೊಡ್ಡ ಕಂಪನಿ, ಹೆಸರು ಬೇಡ. ಪಾಲುದಾರಿಕೆಯ ಮಾತು ಎಂದು ಇಬ್ಬರು ಬೆಂಗಳೂರಿನಿಂದ ಬಂದರು. ಪೇಟೆ ತೋರಿಸಿ ಎಂದದ್ದಕ್ಕೆ ಸೋಮವಾರ ಮಧ್ಯಾಹ್ನ ಕರೆದೊಯ್ದೆ. ಕರವಸ್ತ್ರ ತಂದಿರಲಿಲ್ಲ. ಘಾಟಿಗೆ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಅರ್ಧ ಗಂಟೆಯಲ್ಲಿ ಕಾರು ಸೇರಿದರು. ಹುಬ್ಬಳ್ಳಿಯ ಹೋಟೆಲಿನಲ್ಲಿ ಕುಳಿತು ತಂತ್ರಾಂಶ ನೋಡಿದರು, ನೂರು ಪ್ರಶ್ನೆ ಕೇಳಿದರು. ಏನು ಮಾಡುತ್ತದೆ ಎಂಬುದನ್ನು ತೋರಿಸಿದೆ; ಹೇಗೆ ಮಾಡುತ್ತದೆ ಎಂದು ಕೇಳಿದಾಗಲೆಲ್ಲ ಚಹಾ ತರಿಸಿದೆ. ಎಂಟು ತಿಂಗಳಿಗೆ ಅವರದೇ ಆ್ಯಪ್ ಬಂತು. ಪೂರ್ತಿ ಉಚಿತ. ಪಟ್ಟಿಯ ಪರದೆ ನಮ್ಮದರ ಅವಳಿಯಂತಿತ್ತು.

ಹೊಟ್ಟೆಯಲ್ಲಿ ಕಲ್ಲು ಹಾಕಿದಂತಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಒಂಬತ್ತು ಅಂಗಡಿಗಳು ಅತ್ತ ಹೋದವು. ಉಳಿದವರಿಗೆ ಆ ವರ್ಷ ದರ ಇಳಿಸಬೇಕಾಯಿತು, ಇಬ್ಬರ ಸಂಬಳ ಎರಡು ತಿಂಗಳು ತಡವಾಯಿತು. ನಕಲು ಮಾಡಿದರೆ ಏನೂ ಆಗುವುದಿಲ್ಲ ಎಂದು ವೇದಿಕೆಯ ಮೇಲೆ ಹೇಳುವವರು ಆ ಎರಡು ತಿಂಗಳು ನನ್ನ ಮನೆಯಲ್ಲಿ ಇರಬೇಕಿತ್ತು.

ಅವರ ಆ್ಯಪ್ ಹಂಗಾಮಿನಲ್ಲಿ ಎಡವಿದ್ದು ಎರಡು ಕಡೆ. ರೈತನ ಗುರುತಿಗೆ ಅವರು ಮೊಬೈಲ್ ಸಂಖ್ಯೆಯನ್ನೇ ಹಿಡಿದಿದ್ದರು. ಅಪ್ಪನ ಉಚಂತಿ ಮಗನ ಪಟ್ಟಿಯಲ್ಲಿ ಮುರಿದು, ಒಂದು ಅಂಗಡಿಯಲ್ಲಿ ಅಣ್ಣತಮ್ಮಂದಿರ ಜಗಳ ರಾತ್ರಿ ಒಂದರವರೆಗೆ ನಡೆಯಿತಂತೆ. ಇನ್ನೊಂದು, ಅವರ ಸಹಾಯವಾಣಿ ಸಂಜೆ ಆರಕ್ಕೆ ಮುಚ್ಚುತ್ತಿತ್ತು. ಪೇಟೆಯಲ್ಲಿ ಪಟ್ಟಿಯ ಕೆಲಸ ಶುರುವಾಗುವುದೇ ಆಮೇಲೆ. ಒಂದೂವರೆ ವರ್ಷಕ್ಕೆ ಅವರು ಸೇವೆ ನಿಲ್ಲಿಸಿದರು. ಇಂತಿಷ್ಟು ದಿನದಲ್ಲಿ ಲೆಕ್ಕ ಇಳಿಸಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಮೇಲ್ ಬಂತು. ಅದನ್ನು ಓದಿ ಹೇಳಿದ್ದೂ ನಾನೇ.

ಒಂಬತ್ತರಲ್ಲಿ ಐದು ಮರಳಿದವು. ನಾಲ್ಕು ಬರಲಿಲ್ಲ. ಅವು ಹೋದದ್ದು ನಮ್ಮಲ್ಲೇ ಮೂರು ವರ್ಷ ಕೆಲಸ ಮಾಡಿದ ಹುಡುಗನ ಬಳಿಗೆ. ಅಂಗಡಿಯಿಂದ ಅಂಗಡಿಗೆ ತಿರುಗಿ ರಾತ್ರಿ ಪ್ರಿಂಟರು ಬಿಚ್ಚುತ್ತಿದ್ದವನು ಅವನು. ಕೆಲಸ ಬಿಟ್ಟು ಇನ್ನೊಬ್ಬ ಪ್ರೋಗ್ರಾಮರನ ಜೊತೆ ಸೇರಿ ಅರ್ಧ ದರಕ್ಕೆ ತನ್ನದೇ ತಂತ್ರಾಂಶ ಮಾಡಿದ್ದ. ಇವನ ಕಡೆಯಿಂದ ಬರಬಹುದೆಂದು ನಾನು ಒಂದು ದಿನವೂ ಹೆದರಿರಲಿಲ್ಲ. ಮತ್ತೆ ಧಾರವಾಡಕ್ಕೆ ಹೋದೆ. ಕೆಲಸ ಬಿಟ್ಟ ಮೇಲೆ ಇದೇ ವ್ಯಾಪಾರ ಮಾಡಬಾರದೆಂದು ಬರೆಸಿಕೊಂಡಿದ್ದೇನೆ ಎಂದೆ. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅಂಥ ಷರತ್ತು ಅನೂರ್ಜಿತ ಎಂದರು ವಕೀಲರು. ಕೋಡ್ ಕದ್ದಿದ್ದಾನೆಯೇ? ಇಲ್ಲ, ಅದು ಅವನ ಕೈಗೆ ಸಿಕ್ಕಿರಲೇ ಇಲ್ಲ. ಗ್ರಾಹಕರ ಪಟ್ಟಿ ಒಯ್ದಿದ್ದಾನೆಯೇ? ಅಂಗಡಿಗಳೆಲ್ಲ ಒಂದೇ ಬೀದಿಯಲ್ಲಿವೆ. ಹಾಗಾದರೆ ಮನೆಗೆ ಹೋಗಿ ಊಟ ಮಾಡಿ ಎಂದರು.

ಆಗಿನಿಂದ ಅಂಗಡಿ ತಿರುಗುವ ಹುಡುಗರಿಗೆ ಸಂಬಳದ ಜೊತೆಗೆ, ತಾವು ನೋಡಿಕೊಳ್ಳುವ ಅಂಗಡಿಗಳ ಹಣದಲ್ಲಿ ಒಂದು ಪಾಲನ್ನೂ ಕೊಡುತ್ತಿದ್ದೇವೆ. ತಡವಾಯಿತು.

ಕಳೆದ ಮಾರ್ಚಿನಲ್ಲಿ, ಒಂದು ಗುರುವಾರ ರಾತ್ರಿ ಹನ್ನೊಂದೂವರೆಗೆ, ನಮ್ಮನ್ನು ಬಿಟ್ಟುಹೋದ ಆ ಹುಡುಗನಿಂದ ಕರೆ ಬಂತು. ಹಿಂದೆ ಹಮಾಲರ ಸದ್ದು ಕೇಳುತ್ತಿತ್ತು. "ಅಣ್ಣಾ, ಹೊಸ ಅಂಗಡಿಯ ಹಳೆಯ ಖಾತೆ ತಿರುಗಿಸುತ್ತಿದ್ದೇನೆ. ಕರ್ಜಗಿ ಎಂಬುದು ಕಜರ್ಗಿ ಎಂದು ಬರುತ್ತಿದೆ. ನೀವು ಅದನ್ನು ಹೇಗೆ ಸರಿ ಮಾಡಿದ್ದಿರಿ?" ಸಾಹುಕಾರರು ಪಕ್ಕದಲ್ಲೇ ಕುಳಿತಿದ್ದಾರೆ ಎಂಬುದು ಅವನ ದನಿಯಿಂದ ಗೊತ್ತಾಗುತ್ತಿತ್ತು.

ಊರ ಹೆಸರುಗಳಿಗೆ ಒಂದು ಪಟ್ಟಿ ಮಾಡಿಕೊಂಡು ಬದಲಿಸುವುದನ್ನು ಹೇಳಿಕೊಟ್ಟೆ. ಆ ರಾತ್ರಿಗೆ ಅಷ್ಟು ಸಾಕಿತ್ತು. ಜನರ ಹೆಸರುಗಳಿಗೆ ಮಾಡಿದ ಉಪಾಯವನ್ನು ಹೇಳಲಿಲ್ಲ.