33550336: ಪೆನ್ನು ಪೇಪರಲ್ಲೇ ಬಿಚ್ಚಿ ನೋಡಿದ್ದು

ಮೂರು ಕೋಟಿ ಮೂವತ್ತೈದು ಲಕ್ಷ ಐವತ್ತು ಸಾವಿರದ ಮುನ್ನೂರ ಮೂವತ್ತಾರು. ಇದು ಐದನೇ ಪರಿಪೂರ್ಣ ಸಂಖ್ಯೆ, ಅಂದ್ರೆ ತನ್ನನ್ನ ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದ್ರೆ ವಾಪಸ್ ಅದೇ ಬರುತ್ತೆ, 1+2+3=6 ಆದ ಹಾಗೆ. ಪೈಥಾನ್ ಪ್ರೋಗ್ರಾಮಲ್ಲಿ ನಾಲ್ಕು ಲೈನ್ ಹಾಕಿದ್ರೆ ಹೌದು ಅಂತ ಬರುತ್ತೆ, ಯಾಕೆ ಅಂತ ಮಾತ್ರ ಗೊತ್ತಾಗಲ್ಲ, ಅದಕ್ಕೇ ಕೈಯಲ್ಲೇ ಕೂತು ಮಾಡ್ದೆ.

ಮೊದ್ಲು ಅರ್ಧ ಮಾಡ್ತಾ ಹೋದೆ. 16775168, 8387584, 4193792... ಹೀಗೇ ಹನ್ನೆರಡು ಸಲ ಆದ್ಮೇಲೆ 8191ಕ್ಕೆ ಬಂದು ನಿಲ್ಲುತ್ತೆ, ಬೆಸ ಸಂಖ್ಯೆ. ಈಗ 8191 ಅವಿಭಾಜ್ಯನಾ? ವರ್ಗಮೂಲ 90ರ ಮೇಲೆ ಸ್ವಲ್ಪ, ಅಲ್ಲಿವರೆಗೂ ಒಂದೊಂದೇ ಅವಿಭಾಜ್ಯದಿಂದ ಭಾಗಿಸ್ತಾ ಕೂರ್ಬಹುದು, ಬೋರು. ಆದ್ರೆ 8191 ಅಂದ್ರೆ 2ರ 13ನೇ ಘಾತದಲ್ಲಿ 1 ಕಮ್ಮಿ, ಅಂಥದ್ದನ್ನ ಭಾಗಿಸೋ ಅವಿಭಾಜ್ಯ ಏನಿದ್ರೂ 26ರ ಗುಣಕಕ್ಕೆ 1 ಸೇರಿಸಿದ್ದೇ ಆಗಿರ್ಬೇಕು, ಜೊತೆಗೆ 8ರಿಂದ ಭಾಗಿಸಿದ್ರೆ ಶೇಷ 1 ಇಲ್ಲಾ 7 ಬರ್ಬೇಕು. 27 ಅವಿಭಾಜ್ಯ ಅಲ್ಲ, 53ನ್ನ 8ರಿಂದ ಭಾಗಿಸಿದ್ರೆ ಶೇಷ 5, ಔಟ್. ಉಳಿದಿದ್ದು 79 ಒಂದೇ! 79×103=8137, ಶೇಷ 54. ಮುಗೀತು, 8191 ಅವಿಭಾಜ್ಯ. ಇಡೀ ಲೆಕ್ಕದಲ್ಲಿ ನನಗೆ ತುಂಬಾ ಖುಷಿ ಕೊಟ್ಟಿದ್ದು ಈ ಜಾಗ.

ಆಮೇಲೆ ಎಲ್ಲಾ ತಾನಾಗೇ ಬರುತ್ತೆ. ಭಾಜಕಗಳು 13×2=26: 1, 2, 4... 4096 ಅಂತ ಹದಿಮೂರು, ಅವನ್ನೇ 8191ರಿಂದ ಗುಣಿಸಿದ್ರೆ ಇನ್ನು ಹದಿಮೂರು. ಅವುಗಳ ಮೊತ್ತ 8191×8192, ಅದು ನಮ್ಮ ಸಂಖ್ಯೆಯ ಸರಿಯಾಗಿ ಎರಡರಷ್ಟು, ಅದನ್ನೇ ಕಳೆದ್ರೆ ಮತ್ತೆ ಅದೇ, ಸೋ ಪರಿಪೂರ್ಣ. ಯೂಕ್ಲಿಡ್ ಹೇಳಿದ ದಾರಿನೇ ಇದು, ಸಮ ಪರಿಪೂರ್ಣಗಳೆಲ್ಲ ಇದೇ ರೂಪದಲ್ಲಿರ್ಬೇಕು ಅಂತ ಸಾಧಿಸಿದ್ದು ಆಯ್ಲರ್. 1ರಿಂದ 8191ರವರೆಗೆ ಕೂಡಿದ್ರೂ ಇದೇ ಬರುತ್ತೆ, ಹಾಗಾಗಿ ತ್ರಿಕೋನ ಸಂಖ್ಯೆನೂ ಹೌದು. 1ರಿಂದ 127ರವರೆಗಿನ ಬೆಸ ಸಂಖ್ಯೆಗಳ ಘನಗಳನ್ನ ಕೂಡಿದ್ರೂ ಇದೇ. ಬೈನರೀಲಿ ಬರೆದ್ರೆ ಹದಿಮೂರು ಒಂದು, ಹನ್ನೆರಡು ಸೊನ್ನೆ.

ಅಂಕಿಗಳನ್ನ ಕೂಡಿದ್ರೆ 28, ಅದೂ ಪರಿಪೂರ್ಣ ಸಂಖ್ಯೆ! ಆದ್ರೆ ಇದಕ್ಕೆ ಜಾಸ್ತಿ ಬೆಲೆ ಕೊಡ್ಬೇಡಿ, 6 ಬಿಟ್ಟು ಮಿಕ್ಕ ಸಮ ಪರಿಪೂರ್ಣಗಳಿಗೆಲ್ಲ 9ರಿಂದ ಭಾಗಿಸಿದ್ರೆ ಶೇಷ 1 ಬರುತ್ತೆ, ಅದಷ್ಟೇ ನಿಯಮ, 28 ಆಗಿದ್ದು ಹತ್ತರ ಪದ್ಧತೀಲಿ ಬರೆಯೋದ್ರಿಂದ ಆದ ಕಾಕತಾಳೀಯ. ಇಂಥ ನಾಲ್ಕೈದು ಸಂಖ್ಯೆ ನೋಡಿ ನಿಯಮ ಕಟ್ಟೋ ಚಟ ಹಳೇದು ಬಿಡಿ, 6, 28, 496, 8128 ನೋಡಿ ಹಳೇ ಗ್ರೀಕ್ ಗಣಿತಜ್ಞ ನಿಕೋಮಾಕಸ್ ಕಾಲದಲ್ಲಿ ಒಂದಂಕಿಗೊಂದು, ಎರಡಂಕಿಗೊಂದು ಅಂತ ಹೀಗೇ ಮುಂದುವರಿಯುತ್ತೆ ಅಂದ್ಕೊಂಡಿದ್ರು, ಐದನೇದು ನೇರ ಎಂಟಂಕಿಗೆ ಹಾರಿ ಅದನ್ನ ಕೆಡಿಸ್ತು. ಕೊನೇ ಅಂಕಿ 6, 8 ಅಂತ ಸರದೀಲಿ ಬರುತ್ತೆ ಅನ್ನೋದನ್ನ ಆರನೇದು, 8589869056, ಕೆಡಿಸ್ತು, ಅದೂ 6ರಲ್ಲೇ ಮುಗಿಯುತ್ತೆ.

ಆ ಆರನೇದನ್ನೂ ಕೈಯಲ್ಲೇ ಮಾಡ್ಬಹುದು. ಅದರ ಅವಿಭಾಜ್ಯ 131071, ಅಂದ್ರೆ 2ರ 17ನೇ ಘಾತದಲ್ಲಿ 1 ಕಮ್ಮಿ, ಹಾಗಾಗಿ ಈ ಸಲ 26ರ (13ರ ಎರಡರಷ್ಟು) ಬದ್ಲು 34, ಅದೇ ಸೋಸೋ ಕ್ರಮ ಹಾಕಿದ್ರೆ ಉಳಿಯೋದು 103, 137, 239, ಮೂರೇ ಭಾಗಾಕಾರ.